ಎರಡನೆಯ ಪ್ರಶ್ನೆ

ಭಾನುವಾರ, ಮಾರ್ಚ್ ೧೫

ಏ ಕಡ್ಡೀ,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಹೊಸ ಕೆಲಸ, ಹೊಸ ಭಾಷೆ, ದೊಡ್ಡ ಗುಂಪು, ಚೆನ್ನಾಗಿಯೇ ಇರುತ್ತೀಯ. ಮೊದಲು ಸುದ್ದಿ ಕೇಳು: ನಮ್ಮ ಬಳಗ ಮುಚ್ಚಲಿಲ್ಲ! ಎದೆಯುಬ್ಬಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನೀನೂ ನಾನೂ ಹತ್ತೊಂಬತ್ತು ವರ್ಷ ಸಾಕಿದ ಪ್ರೋಗ್ರಾಮಿಂಗ್ ಭಾಷೆ ಜನಪ್ರಿಯತೆಯ ಪಟ್ಟಿಯಲ್ಲಿ ಈ ಸಲ ಎಪ್ಪತ್ತೊಂದಕ್ಕೆ ಇಳಿದಿದೆ. ಹೊಸಬರು ಬರುವುದು ಅಪರೂಪ. ನಮ್ಮ ಬಳಗದ ಪ್ರಶ್ನೋತ್ತರದ ಜಾಲತಾಣಕ್ಕೆ ಕಳೆದ ತಿಂಗಳು ಬಂದದ್ದು ಮೂರೇ ಪ್ರಶ್ನೆ. ಅದರಲ್ಲೂ ಒಂದು, ಪಾಸ್‌ವರ್ಡ್ ಮರೆತವರದ್ದು. ಪ್ರಶ್ನೆಯೇ ಇಲ್ಲದ ಮೇಲೆ ಮರ್ಯಾದೆಯಾಗಿ ಬಾಗಿಲು ಹಾಕೋಣ ಎಂಬ ನಿರ್ಣಯ ನಿನ್ನೆಯ ವಾರ್ಷಿಕ ಸಭೆಯ ಮುಂದಿತ್ತು. ಗ್ರಂಥಾಲಯದ ಮೇಲ್ಮಹಡಿಯ ಅದೇ ಕೋಣೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಲ್ಲುತ್ತಿದ್ದ ಕಾಲ ನಿನಗೆ ನೆನಪಿರಬೇಕು. ನಿನ್ನೆ ಇದ್ದದ್ದು ನಲವತ್ತೊಂದು ಜನ.

ಸಭೆ ನಡೆಸುತ್ತಿದ್ದ ನಾನು ನಿರ್ಣಯ ಓದಿ ಮುಗಿಸಿದೆ. ಆಮೇಲೆ ಕೊನೆಯ ಸಾಲಿನಿಂದ ನೀರು ಸರಬರಾಜಿನ ಎಂಜಿನಿಯರಮ್ಮ ಎದ್ದಳು. ಯಾವ ಟ್ಯಾಂಕಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕೆಂಬುದನ್ನು ನಮ್ಮ ಭಾಷೆಯಲ್ಲೇ ಬರೆದಿಟ್ಟುಕೊಂಡವಳು ಅವಳು. ಮೇಡಂ, ಬಾಗಿಲು ಹಾಕೋದಾದ್ರೆ ಹಾಕಿ, ಅದಕ್ಕೆ ಮೊದ್ಲು ನನ್ನ ಎರಡನೇ ಪ್ರಶ್ನೆ ಕೇಳ್ಬಿಡ್ಲಾ ಅಂದಳು. ಎಂಟು ತಿಂಗಳಿಂದ ಇಟ್ಕೊಂಡು ಕೂತಿದೀನಿ ಅಂದಳು. ಕೇಳೋದಕ್ಕೆ ನಿನಗೇನಮ್ಮ ದಾಡಿಯಾಗಿತ್ತು ಎಂದು ರೇಗಿದೆ. ನಿಮ್ಮ ನಿಯಮ ಇದೆಯಲ್ಲ ಮೇಡಂ ಅಂದಳು.

ನಿಯಮ ನೀನೇ ಮಾಡಿದ್ದು, ಮಾರಾಯ್ತಿ. ಒಂದು ಉತ್ತರ ಪಡೆದವರು ಎರಡನೆಯ ಪ್ರಶ್ನೆ ಕೇಳುವ ಮೊದಲು ಬೇರೊಬ್ಬರ ಪ್ರಶ್ನೆಗೆ ಉತ್ತರ ಕೊಡಬೇಕು. ಅದರಿಂದಲೇ ನಮ್ಮಲ್ಲಿ ಕಲಿಯಲು ಬಂದವರೆಲ್ಲ ಮೇಷ್ಟ್ರಾದರು. ಆದರೆ ಹೊಸಬರು ಕಡಿಮೆಯಾದಂತೆ ಉತ್ತರಿಸಲು ಪ್ರಶ್ನೆಯೇ ಸಿಗದಾಯಿತು. ಬಂದ ಒಂದೊಂದಕ್ಕೂ ಹತ್ತು ಜನ ಮುಗಿಬಿದ್ದು, ಯಾರೋ ಒಬ್ಬರು ಮೊದಲಿಗರಾಗುತ್ತಿದ್ದರು, ಲೆಕ್ಕಕ್ಕೆ ಬರುತ್ತಿದ್ದುದು ಅವರ ಉತ್ತರವೊಂದೇ. ಉಳಿದವರು ಬಾಯಿಗೆ ಬೀಗ ಹಾಕಿಕೊಂಡು ಕೂತರು. ನಾವು ಆ ಮೌನ ನೋಡಿ, ಜನ ಹೋಗಿಬಿಟ್ಟರು ಅಂದುಕೊಂಡೆವು. ಜಾಣರ ಬಳಗವಂತೆ! ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಿದ್ದೆವು.

ಹೀಗೆ ಕಾದು ಕೂತವರು ಕೈಯೆತ್ತಿ ಅಂದೆ. ಮೂವತ್ತೆರಡು ಕೈ ಎದ್ದವು ಕಣೇ! ಬಸ್ಸುಗಳ ವೇಳಾಪಟ್ಟಿ ಹಾಕುವವರು, ಕನ್ನಡಕದ ಗಾಜು ಅರೆಯುವ ಅಂಗಡಿಯಾತ, ಗಾಳಿ ಮಳೆ ಅಳೆಯುವ ತಾತ, ಎಲ್ಲರೂ. ಮೂರು ವರ್ಷದಿಂದ ಕಾಯುತ್ತಿದ್ದೇನೆಂದು ತಾತ ಹೇಳಿದಾಗ ನನಗೆ ನಗು, ಅಳು ಎರಡೂ ಬಂತು. ಪಾಲಿಸಿದರೋ ಇಲ್ಲವೋ ಎಂದು ನೋಡುವವರೇ ಇಲ್ಲದ ನಿಯಮ ಅದು, ಆದರೂ ಒಬ್ಬರೂ ಮುರಿದಿರಲಿಲ್ಲ. ನಿನ್ನ ದೊಡ್ಡ ಗುಂಪಿನಲ್ಲಿ ಇಂಥವರು ಎಷ್ಟು ಮಂದಿ ಸಿಗುತ್ತಾರೆ, ಹೇಳು ನೋಡೋಣ?

ನಿಯಮವನ್ನು ಅಲ್ಲೇ ಕಿತ್ತುಹಾಕಿದೆವು. ಬೇಸರ ಮಾಡಿಕೊಳ್ಳಬೇಡ, ಅದರ ಕಾಲಕ್ಕೆ ಅದು ಚಿನ್ನದಂಥ ನಿಯಮ. ಎಂಜಿನಿಯರಮ್ಮನ ಪ್ರಶ್ನೆಗೆ ಚಹಾ ಬರುವಷ್ಟರಲ್ಲಿ ನಾಲ್ಕು ಉತ್ತರ ಸಿಕ್ಕವು, ಸರಿಯಾದದ್ದು ತಾತನದು. ಸಂಜೆಯೊಳಗೆ ತಾಣದಲ್ಲಿ ಐವತ್ತೆಂಟು ಪ್ರಶ್ನೆ. ಪಟ್ಟಿಯಲ್ಲಿ ನಾವು ನಾಳೆಯೂ ಎಪ್ಪತ್ತೊಂದೇ. ಇರಲಿ ಬಿಡು. ನಿರ್ಣಯಕ್ಕೆ ಒಂದೇ ಒಂದು ಮತವೂ ಬೀಳಲಿಲ್ಲ. ಈ ಜನರ ನಡುವೆ ಹತ್ತೊಂಬತ್ತು ವರ್ಷ ಕಳೆದೆನಲ್ಲ ಎಂದು ನನಗೆ ಹೆಮ್ಮೆಯಾಗುತ್ತಿದೆ, ಅದರಲ್ಲಿ ನಿನಗೂ ಪಾಲಿದೆ.

ಇನ್ನೂ ಜಗ್ಗದ ನಿನ್ನ,
ಮೊಂಡಿ

ತಾ.ಕ.: ಮುಚ್ಚುವ ನಿರ್ಣಯ ಬರೆದದ್ದು ಯಾರೆಂದು ನೀನು ಕೇಳೇ ಕೇಳುತ್ತೀಯ. ನಾನೇ. ನೀನು ಬಳಗ ಬಿಟ್ಟ ವಾರವೇ ಬರೆದು, ಸಹಿ ಹಾಕಿ, ಮೇಜಿನೊಳಗೆ ಇಟ್ಟಿದ್ದೆ. ನಿನ್ನೆ ಅದರ ವಿರುದ್ಧ ಎಲ್ಲರಿಗಿಂತ ಮೊದಲು ಎದ್ದ ಕೈಯೂ ನನ್ನದೇ.