ಅರ್ಧ ಮನೆ ಎತ್ತರ

ನವೆಂಬರ್ ೧೪, ಶುಕ್ರವಾರ

ಅಕ್ಕಾ, ಗಂಟಲು ಹೇಗಿದೆ? ಭಾವನ ಮಂಡಿನೋವು? ನೀನು ಓದದ ಈ ದಿನಚರಿ ಪುಸ್ತಕದಲ್ಲೇ ಕೇಳುತ್ತೇನೆ, ಎದುರಿಗೆ ಕೇಳುವ ಮುಖ ಇಲ್ಲ.

ವಯಸ್ಸಾಗಿ ನಿನ್ನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ ಇಳಿದಿದೆ. ಇವತ್ತಿನ ಕಚೇರಿಗೆ ಬೇಕೆಂದೇ ತಂಬೂರಿಯನ್ನು ನಿನ್ನ ಹಳೆಯ ಎತ್ತರಕ್ಕೆ ಸೇರಿಸಿಟ್ಟೆ. ಪಿಟೀಲಿನವರೂ ಮೃದಂಗದವರೂ ಹೊಸಬರು, ನನ್ನನ್ನೇ ನಂಬಿದರು. ಪರದೆ ಎದ್ದ ಮೇಲೆ ನೀನು ತಿರುಗಿ ನನ್ನನ್ನು ನೋಡಿದೆ. ಜನರೆದುರು "ಇಳಿಸು" ಅನ್ನಲು ನಿನಗೆ ಮಾನ ಅಡ್ಡ ಬಂತು.

ತೋಡಿ ರಾಗದಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ನಲವತ್ತು ವರ್ಷ ಕಾದದ್ದು ಇದಕ್ಕೇ. ಆದರೆ ನೀನು ಇಳಿಯಲಿಲ್ಲ. ಒಡೆದ ದನಿಯಲ್ಲೇ ಮತ್ತೆ ಮತ್ತೆ ಅದನ್ನು ಮುಟ್ಟಿದೆ. ಸಭೆಯೆಲ್ಲ ಅತ್ತಿತು. ತಂತಿ ಮೀಟುತ್ತ ನಾನೂ ಅತ್ತೆ, ಹಾಳಾದ ಕಣ್ಣು. ಮೂಗು ಕೊಯ್ಯಲು ಹೋಗಿ ಮೂಗುತಿ ತೊಡಿಸಿ ಬಂದೆ.

ಆಮೇಲೆ ಒಳಗೆ ಬಂದು ಅಂದೆಯಲ್ಲ, "ಶ್ರುತಿ ಚೆನ್ನಾಗಿ ಸೇರಿಸಿದ್ದೀಯ ಕಣೇ. ನಾಳೆಗೂ ಇದೇ ಇರಲಿ."

ನಾಳೆ ಇನ್ನರ್ಧ ಮನೆ ಏರಿಸುತ್ತೇನೆ, ನೋಡುತ್ತಿರು. ಅಂದು ಅಪ್ಪನ ಮುಂದೆ "ಇವಳದು ಒಡಕು ಗಂಟಲು, ತಂಬೂರಿ ಹಿಡಿದರೆ ಸಾಕು" ಅಂದವಳು ನೀನು. ಒಡಕು ಗಂಟಲಿಗೆ ಜನ ಇಷ್ಟು ಅಳುವುದಾದರೆ, ನನ್ನನ್ನು ಯಾಕೆ ಹಿಂದೆ ಕೂರಿಸಿದೆ? ಬೇಗ ಬರೆದು ತಿಳಿಸು.