ಮೂರು ಕಾಲಿನ ಮಂಚ

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 7

ಈ ಕಥೆ ಹೇಳಿದ್ದು ಹನುಮವ್ವ. ಈಗ ತಾನೇ, ಲಗ್ಗೆರೆ ಸೈಟಿನಲ್ಲಿ, ಹೊಸ ಸ್ಲ್ಯಾಬಿಗೆ ನೀರು ಬಿಡುತ್ತಾ. ದೇವದುರ್ಗದ ಕಡೆಯವಳು. ಆರು ವರ್ಷದಿಂದ ನನ್ನ ಕೆಲಸಕ್ಕೇ ಬರುತ್ತಾಳೆ.

ನಾನು ಕೆಳಗೆ ಸರ್ವೆ ಕಂಬ ಎಣಿಸುತ್ತಿದ್ದೆ. ಭಾನುವಾರ ಪಾರ್ಟಿಯ ವಾರ್ಡ್ ಸಮಾವೇಶ, ಪೆಂಡಾಲ್ ನನ್ನ ತಲೆಗೆ. ಮದುವೆ ಸೀಸನ್ — ಶಾಮಿಯಾನದವರಲ್ಲಿ ಒಂದು ಗಳುವೂ ಖಾಲಿ ಇಲ್ಲ. ಇಲ್ಲಿ ಅರವತ್ತು ಕಂಬ, ಸ್ಲ್ಯಾಬ್ ಹೊತ್ತು ನಿಂತಿವೆ.

ಅವಳು ನೋಡಿದಳು.

"ಯಪ್ಪಾ, ಒಬ್ಬ ಗೌಡ ಇದ್ದ. ಜಗಳಕ್ಕ ಬಡಿಗಿ ಸಿಗಲಿಲ್ಲಂತ ಮಂಚದ ಕಾಲು ಕಿತ್ಗೊಂಡು ಹೋದ. ಗೆದ್ದ. ಊರಾಗ ಮೆರವಣಿಗಿ ಆತು. ಮನಿಗೆ ಬಂದು ಹಾರ ಹಾಕ್ಕೊಂಡೇ ಮಂಚದ ಮ್ಯಾಲೆ ಒರಗಿದ..."

"ಆಮೇಲೆ?"

"ಆಮ್ಯಾಲೇನು. ಹಾರ ಮ್ಯಾಲೆ, ಗೌಡ ಕೆಳಗ."

ನಕ್ಕೆ. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ.

ಫೆಬ್ರವರಿ 12, ಬುಧವಾರ

ನಮ್ಮ ಪಾರ್ಟಿ ಲೀಡರ್ ನಂಜುಂಡಪ್ಪನವರ ಫೋನ್, ಎರಡು ಸಲ. ಹದಿನಾಲ್ಕು ವರ್ಷ ಪಾರ್ಟಿಗೆ ದುಡಿದಿದ್ದೇನೆ. ಈ ಸಲದ ವಾರ್ಡ್ ಎಲೆಕ್ಷನ್ ಟಿಕೆಟ್ ಅವರ ಕೈಯಲ್ಲಿ. "ನೆರಳಿಲ್ದೆ ಜನ ಕೂರಲ್ಲ ಕಣಯ್ಯ. ನಿನ್ ಕೈಲಾಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ನೋಡ್ತೀನಿ."

ಟೆಂಪೋ ತೆಗೆದುಕೊಂಡು ಸೈಟಿಗೆ ಹೋದೆ. ಸ್ಲ್ಯಾಬ್ ಹಾಕಿ ಒಂಬತ್ತು ದಿನ. ಹದಿನೆಂಟು ಅಡಿ ಹಾಲ್ — ಇಪ್ಪತ್ತೊಂದು ದಿನ ಕಂಬ ಮುಟ್ಟಬಾರದು. ನಲವತ್ತು ಮನೆ ಕಟ್ಟಿದವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಒಂದು ಬಿಟ್ಟು ಒಂದು ತೆಗೆದರೆ ಏನಾದೀತು ಅಂದುಕೊಂಡೆ.

ಎರಡು ಕಂಬದ ನಡುವೆ ಜೋಳಿಗೆ. ಒಳಗೆ ಹನುಮವ್ವನ ಮೊಮ್ಮಗಳು.

"ಕೂಸು ಮಲಗೈತಿ. ಎದ್ದ ಮ್ಯಾಲೆ ಬಿಚ್ಚ್ರಿ." ಅಷ್ಟೇ ಅಂದಳು. ಮಲಗಿದ ಮಗುವಿನ ಜೋಳಿಗೆ ಬಿಚ್ಚಲು ಟೆಂಪೋದವರು ಯಾರೂ ಒಪ್ಪಲಿಲ್ಲ. ಕಾದೆವು.

ಅಷ್ಟರಲ್ಲಿ ಮನೆಯ ಓನರ್ ಕೋಕಿಲಾ ಬಂದರು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಗೋಡೆಗೆ ಪ್ಲಾಸ್ಟರ್ ಇಲ್ಲ, ನೆಲವೆಲ್ಲ ಜಲ್ಲಿ — ಆದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ಇಲ್ಲಿ ಆರು ಮಿಷಿನ್ ಹಾಕ್ತೀನಿ ಸಾರ್. ಇನ್ಮೇಲೆ ನಾನೇ ನಾಲ್ಕು ಜನಕ್ಕೆ ಕೆಲ್ಸ ಕೊಡ್ತೀನಿ."

ನನ್ನ ಕಾಲಲ್ಲಿ ಶೂ ಇತ್ತು...

ಮಗು ಎದ್ದಿತು. ಟೆಂಪೋ ಖಾಲಿ ಕಳಿಸಿದೆ. ಆ ಕೂಸಿನ ನಿದ್ದೆಗೆ ನನ್ನ ನಮಸ್ಕಾರ.

ಫೆಬ್ರವರಿ 15, ಶನಿವಾರ, ರಾತ್ರಿ

ಪಾರ್ಟಿ ಆಫೀಸಿನಲ್ಲಿ ಹನ್ನೆರಡು ಜನರ ಎದುರು ಹೇಳಿದೆ — ಪೆಂಡಾಲ್ ಆಗಲಿಲ್ಲ. ಯಾಕೆ ಅಂದರು. ಮಂಚದ ಕಥೆ ಹೇಳಿದೆ, ಜೋಳಿಗೆಯದ್ದೂ. ಎಲ್ಲರೂ ನಕ್ಕರು. ನಂಜುಂಡಪ್ಪನವರು ಮಾತ್ರ ನಗಲಿಲ್ಲ.

"ಕಥೆ ಚೆನ್ನಾಗೈತೆ. ಟಿಕೆಟ್ ವಿಷ್ಯ ಆಮೇಲೆ ನೋಡಣ." ಎದ್ದು ಹೋದರು.

ಹೋಯಿತು ಅಂದುಕೊಂಡೆ. ಆದರೂ ಊಟ ಸೇರಿತು.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 9

ಮೈದಾನದಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಕಥೆ ಕೇಳಿದವರು ಏಳಕ್ಕೇ ಬಂದಿದ್ದರು. ಒಬ್ಬರ ಕೈಲಿ ಬಿದಿರೇಣಿ, ಒಬ್ಬರ ಹೆಗಲ ಮೇಲೆ ಟಾರ್ಪಾಲ್. ಬೂತ್ ನೋಡಿಕೊಳ್ಳುವ ಶಿವಕಿರಣ್ ಕೊಟ್ಟಿಗೆಯ ಗಳುಗಳನ್ನೇ ಕಿತ್ತು ತಂದಿದ್ದ.

"ಹಸು ಎಲ್ಲೋ?" ಅಂದೆ.

"ಹಸು ಮಾರಿ ಎರಡು ವರ್ಷ ಆಯ್ತಣ್ಣ. ಗಾಬ್ರಿ ಆಗ್ಬೇಡಿ."

ನೆರಳು ಓರೆಕೋರೆ. ಆದರೂ ನೆರಳು.

ಕೊನೆಗೆ ಬಂತು ನಂಜುಂಡಪ್ಪನವರ ಲಗೇಜ್ ಆಟೋ. ಮೇಲೆ ನಾಲ್ಕು ಮಂಚ, ಮುಂದಿನ ಸೀಟಿನಲ್ಲಿ ಅವರೇ. "ಸ್ಟೇಜ್‌ಗೆ ಜೋಡ್ಸು. ಕಾಲು ಎಣಿಸ್ಕೋ." ಟಿಕೆಟ್ ಮಾತಿಲ್ಲ. ನಾನೂ ಕೇಳಲಿಲ್ಲ, ಇವತ್ತಿಗೆ ಇಷ್ಟೇ ಸಾಕು.

ಹದಿನಾರೂ ಇವೆ. ಹನುಮವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಾಳೆ, ಅವಳೂ ಎಣಿಸುತ್ತಿದ್ದಾಳೆ. ಜೋಳಿಗೆ ಕಟ್ಟಲು ಎರಡು ಗಟ್ಟಿ ಗಳು ನೋಡಬೇಕು, ಮಗುವಿಗೆ ಆಗಲೇ ನಿದ್ದೆ —