ತಂದೆಯ ಸಹಿ

ಮಳವಳ್ಳಿ, ೮ ನವೆಂಬರ್ ೧೯೭೬, ಸೋಮವಾರ

ಹಾಲು ಉಕ್ಕಿಹೋಯಿತು. ಮಗಳು ಗೋದಾಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುತ್ತಿದ್ದೆ — ನನ್ನದಲ್ಲ, ಅವಳಪ್ಪನದು. ಮೊದಲಿನಿಂದಲೂ ಹೀಗೇ. ಇವರಿಗೆ ಸೋಮಾರಿತನ, ನೀನೇ ಗೀಚು ಅನ್ನುವವರು. ಈಗ ನನ್ನ ಕೈಯ 'ಚಲುವನಾರಾಯಣ' ಇವರದಕ್ಕಿಂತ ಚೆಂದ. ಎಮರ್ಜೆನ್ಸಿ ವಿರುದ್ಧ ಕರಪತ್ರ ಹಂಚಿದರೆಂದು ಇವರನ್ನು ಬೆಂಗಳೂರಿನಲ್ಲಿ ಜೈಲಿಗೆ ಹಾಕಿ ನೂರ ನಾಲ್ಕು ದಿನ. ನಮ್ಮ ಸ್ಕೂಲಿನಲ್ಲಿ ಇವರು ಮಾಡುತ್ತಿದ್ದ ಹತ್ತನೇ ಕ್ಲಾಸಿನ ಚರಿತ್ರೆ ಪಾಠವೂ ನನ್ನ ತಲೆಗೇ ಬಿದ್ದಿದೆ.

೧೧ ನವೆಂಬರ್

ಹೆಡ್‌ಮಾಸ್ಟರ್ ಶ್ಯಾಮಣ್ಣನವರು ಮನೆಗೇ ಬಂದಿದ್ದರು. ಕೈಯಲ್ಲಿ ಇವರ ಹೆಸರಿನಲ್ಲಿ ಟೈಪ್ ಮಾಡಿದ ಒಂದು ಹಾಳೆ. ತಪ್ಪಾಯಿತು, ಇನ್ನು ಸರ್ಕಾರದ ವಿರುದ್ಧ ಚಕಾರ ಎತ್ತುವುದಿಲ್ಲ — ಅಷ್ಟೇ. ಮುಟ್ಟಿಸಬೇಕಾದ ಕಡೆ ಮುಟ್ಟಿಸುವವರು ಇದ್ದಾರಂತೆ. ಇವರಿಗೆ ತಿಳಿಸುವುದೂ ಬೇಡವಂತೆ.

"ಅವರ ಸಹಿ ನಿಮ್ಮ ಕೈಲಿ ಬರುತ್ತಲ್ಲಮ್ಮ ಆಂಡಾಳ್. ಸಂಕ್ರಾಂತಿಗೆ ಮನೇಲಿರ್ತಾರೆ" ಅಂದರು.

ಇವರ ಅಂಗಿ ಮೂಸಿ ನೋಡಿದೆ. ಬರೀ ಟ್ರಂಕಿನ ವಾಸನೆ. ಹಾಕಿಬಿಡುತ್ತೇನೆ. ನನಗೆ ನನ್ನ ಗಂಡ ಬೇಕು.

೧೨, ಸಂಜೆ

ಪಾಠ: ಪ್ರಭುತ್ವದ ಬಗೆಗಳು, ಯುದ್ಧಗಳು. ಅಥೆನ್ಸಿನಲ್ಲಿ ಜನರೇ ಕೈ ಎತ್ತಿ ಯುದ್ಧಕ್ಕೆ ಹೊರಟು ಸೋತು ಬಂದರು, ಅಂದೆ. ರಾಜರಿದ್ದಲ್ಲಿ ಕೈ ಎತ್ತುವ ತೊಂದರೆಯೂ ಇಲ್ಲ. ಶ್ರೀರಂಗಪಟ್ಟಣದ ಒಪ್ಪಂದ... ಸುಲ್ತಾನ ಸೋತ, ಒಪ್ಪಿದ, ಮಕ್ಕಳಿಬ್ಬರು ಇಂಗ್ಲಿಷರಿಗೆ ಒತ್ತೆ ಹೋದರು. ಹಿಂದಿನ ಬೆಂಚಿನ ಚಿಕ್ಕಬೋರಮ್ಮ ಎದ್ದು ನಿಂತಳು.

"ಆ ಐಕ್ಳುನ್ನ ಯಾರಾರ ಒಂದ್ಮಾತು ಕೇಳಿದ್ರಾ ಮಿಸ್?"

ಇಲ್ಲ ಅಂದೆ. ಕೇಳುವ ಪದ್ಧತಿ ಇರಲಿಲ್ಲ.

ಮನೆಗೆ ಬಂದು ಹಾಳೆ ಬಿಡಿಸಿದೆ. 'ಚ' ಬರೆಯಲೂ ಕೈ ಏಳಲಿಲ್ಲ. ಇವರನ್ನು ನಾನು ಒಂದು ಮಾತು ಕೇಳಿದೆನೆ? ಹಾಳೆ ಒಲೆಗೆ ಹಾಕಿದೆ. ಅದೇ ಒಲೆ ಮುಂದೆ ಕೂತು ಅತ್ತೆ. ಅನ್ನ ಸೀದುಹೋಯಿತು.

೧೫ ಜನವರಿ ೧೯೭೭

ನಿನ್ನೆ ಸಂಕ್ರಾಂತಿ. ಎಳ್ಳು ಬೀರಲು ಗೋದಾ ಒಬ್ಬಳೇ ಹೋದಳು. ಇವರಿಗೆ ಕಬ್ಬು ಅಂದರೆ ಪ್ರಾಣ. ಸಹಿ ಹಾಕಿದ್ದರೆ... ಬೇಡ, ಬರೆಯಬಾರದು. ಇಲ್ಲ, ಬರೆಯುತ್ತೇನೆ — ಹಾಕಬೇಕಿತ್ತು ಅಂತ ನಿನ್ನೆ ಇಡೀ ದಿನ ಅನ್ನಿಸಿತು.

೧೯

ರೇಡಿಯೋದಲ್ಲಿ ಬಂತು. ಚುನಾವಣೆಯಂತೆ. ಒಳಗಿರುವವರನ್ನು ಬಿಡುತ್ತಾರಂತೆ. ಜನ ಕೈ ಎತ್ತುವ ಕಾಲ ಬಂತು. ನನಗೆ ಇವರು ಬಂದರೆ ಸಾಕು.

೨೩, ಭಾನುವಾರ, ಸಂಜೆ ಆರೂವರೆ

ಇವತ್ತೂ ಬೆಂಗಳೂರಿಂದ ಬರುವವರು ಹತ್ತುವ ಮದ್ದೂರಿನ ಬಸ್ಸುಗಳನ್ನು ಎಣಿಸಿದ್ದೇ ಆಯಿತು. ಗೋದಾಳ ಹೊಸ ಕಾರ್ಡು ನಾಳೆ ಸ್ಕೂಲಿಗೆ ಕೊಡಬೇಕು. 'ತಂದೆಯ ಸಹಿ' ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ. ಯಾವಾಗ್ಲೂ ನೀನೇ ಹಾಕ್ತೀಯಲ್ಲಮ್ಮ, ಈಗೇನು, ಅಂತ ಅವಳ ಗಲಾಟೆ. ಇನ್ನೊಂದು ಬಸ್ಸು ನೋಡೋಣ ತಡಿಯೇ ಅಂದೆ. ಅದೋ, ಬಸ್ಸು ನಿಂತ ಸದ್ದು. ಗೇಟಿನ ಚಿಲಕ... ಕೆಮ್ಮು ಇವರದೇ. ಗೋದಾ, ಕಾರ್ಡು ತಾರೇ, ಪೆನ್ನು ನನ್ನ ಕೈಲೇ ಇದೆ, ಅಪ್ಪನ ಕೈಗೆ—